ಲೆಕ್ಕಕ್ಕೆ ಬಾರದ ಬೆನ್ನು

ತಾನಾಗಿ ಏಳಲಾರದ, ನಿಲ್ಲಲಾರದ ಮನುಷ್ಯನನ್ನು ಹಾಸಿಗೆಯಿಂದ ಗಾಲಿಕುರ್ಚಿಗೂ ಕುರ್ಚಿಯಿಂದ ಬಚ್ಚಲಿಗೂ ಸಾಗಿಸಲು ಒಂದು ಸಾಧನವುಂಟು. ಚಾವಣಿಗೆ ಹಳಿಯನ್ನು ಬಿಗಿದಿರುತ್ತಾರೆ. ಹಳಿಯ ಗುಂಟ ಚಲಿಸುವ ಚಿಕ್ಕದೊಂದು ಮೋಟಾರು ಪಟ್ಟಿಯನ್ನು ಸುತ್ತಿಕೊಳ್ಳುತ್ತ, ಬಟ್ಟೆಯ ಜೋಳಿಗೆಯಲ್ಲಿ ಕುಳಿತವನನ್ನು ಮೇಲಕ್ಕೆತ್ತುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸೀಲಿಂಗ್ ಹಾಯ್ಸ್ಟ್ ಎಂದು ಹೆಸರು, ನಾವು ಎತ್ತುಯಂತ್ರವೆನ್ನೋಣ. ಬಾವಿಯ ರಾಟೆಯನ್ನು ಕಂಡವರಿಗೆ ಇದರ ತತ್ತ್ವದಲ್ಲಿ ಹೊಸತೇನೂ ತೋರದು. ಆದರೆ ಇದನ್ನು ಮನೆಯೊಳಗೆ ಹಾಕಿಸುವ ವೆಚ್ಚವನ್ನು ಯಾರು ಹೊರಬೇಕೆಂಬ ಪ್ರಶ್ನೆಗೆ ಇಂಗ್ಲೆಂಡಿನ ಕಾನೂನು ಕೊಟ್ಟಿರುವ ಉತ್ತರದಲ್ಲಿ ಲೆಕ್ಕವೊಂದು ತಪ್ಪಿದೆಯೆಂಬುದು ನಮ್ಮ ಅಭಿಪ್ರಾಯ.

ಮೊದಲು ವಿದ್ಯುತ್ತಿನ ಖರ್ಚನ್ನು ನೋಡೋಣ. 60 ಕಿಲೋಗ್ರಾಂ ತೂಕದವನನ್ನು ಅರ್ಧ ಮೀಟರು ಎತ್ತಲು ಬೇಕಾದ ಶಕ್ತಿ ಸುಮಾರು 300 ಜೂಲ್. ಒಂದು ಯೂನಿಟ್ ವಿದ್ಯುತ್ತೆಂದರೆ 36 ಲಕ್ಷ ಜೂಲ್. ಮೂರರಲ್ಲಿ ಎರಡು ಪಾಲು ಘರ್ಷಣೆಯಲ್ಲಿಯೂ ಶಾಖದಲ್ಲಿಯೂ ನಷ್ಟವಾಯಿತೆಂದಿಟ್ಟುಕೊಂಡರೂ ಒಂದು ಯೂನಿಟ್ಟಿಗೆ ನಾಲ್ಕು ಸಾವಿರ ಸಲ ಎತ್ತಬಹುದು. ಯಂತ್ರದ ಊಟವು ಇಷ್ಟು ಅಲ್ಪ.

ವೆಚ್ಚವಿರುವುದು ಚಾವಣಿಯಲ್ಲಿ. ಕಾಂಕ್ರೀಟು ಚಾವಣಿಯನ್ನು ನೋಡಿ ಬೆಳೆದ ನಮ್ಮ ಓದುಗರು ಇಂಗ್ಲೆಂಡಿನ ಮನೆಯನ್ನು ಬೇರೆ ರೀತಿಯಲ್ಲಿ ಊಹಿಸಿಕೊಳ್ಳಬೇಕು. ಅಲ್ಲಿನ ಸಾಮಾನ್ಯ ಮನೆಯ ಚಾವಣಿಯೆಂದರೆ ಮರದ ತೊಲೆಗಳ ಅಡಿಗೆ ಹೊಡೆದ ಜಿಪ್ಸಮ್ ಹಲಗೆ. ಆ ಹಲಗೆಗೆ ದೀಪವನ್ನು ತೂಗಿಸಬಹುದು, ಮನುಷ್ಯನನ್ನಲ್ಲ. ಆದುದರಿಂದ ಮೇಲಿನ ತೊಲೆಗಳು ಎಲ್ಲಿವೆ, ಎಷ್ಟು ದಪ್ಪ, ಯಾವ ದಿಕ್ಕಿಗೆ ಮಲಗಿವೆ ಎಂಬುದನ್ನು ಮೊದಲು ಪರಿಶೀಲಿಸಬೇಕು. ಭಾರವು ತೊಲೆಯ ಉದ್ದಕ್ಕೂ ಸಮವಾಗಿ ಹರಡಿದ್ದಾಗ ಅದು ತೊಲೆಯನ್ನು ಎಷ್ಟು ಬಾಗಿಸಲು ಯತ್ನಿಸುವುದೋ, ಅದೇ ಭಾರವು ನಟ್ಟನಡುವೆ ಒಂದೇ ಬಿಂದುವಿನಲ್ಲಿ ತೂಗಿದಾಗ ಆ ಯತ್ನವು ಎರಡು ಪಟ್ಟಾಗುತ್ತದೆಂಬುದು ಯಂತ್ರಶಾಸ್ತ್ರದ ಪಾಠ. ಆದ್ದರಿಂದ ಅನೇಕ ಕಡೆ ಅಡ್ಡಮರಗಳನ್ನು ಸೇರಿಸಿ ತೊಲೆಗಳನ್ನು ಬಲಪಡಿಸುತ್ತಾರೆ, ಇಲ್ಲವೆ ಚಾವಣಿಯ ಗೊಡವೆಯೇ ಬೇಡವೆಂದು ಹಳಿಯನ್ನು ಗೋಡೆಯಿಂದ ಗೋಡೆಗೆ ಕೂರಿಸುತ್ತಾರೆ. ಒಂದೇ ಕೋಣೆಯಲ್ಲಿ ನೇರವಾದ ಹಳಿ, ಅದಕ್ಕೊಂದು ಮೋಟಾರು ಎಂದರೆ ಸುಮಾರು ಎರಡು ಮೂರು ಸಾವಿರ ಪೌಂಡುಗಳ ಮಾತು. ಇಡೀ ಕೋಣೆಯನ್ನು ವ್ಯಾಪಿಸುವಂತೆ ಎರಡು ಹಳಿಗಳ ನಡುವೆ ಜಾರುವ ಮೂರನೆಯದು ಬೇಕಾದರೆ ಹೆಚ್ಚು. ಬಚ್ಚಲಿಗೂ ಹೋಗಬೇಕಾದರೆ ಬಾಗಿಲ ಮೇಲಣ ಗೋಡೆಯನ್ನು ಒಡೆಯಬೇಕಾಗಿ ಇನ್ನೂ ಹೆಚ್ಚು. ಅಂಗವಿಕಲರ ಬಳಕೆಗೆಂದು ಕೊಂಡ ಯಂತ್ರಕ್ಕೆ ಅಲ್ಲಿ ಮಾರಾಟ ತೆರಿಗೆಯಿಲ್ಲವೆಂಬುದೊಂದು ಸಮಾಧಾನ. ಅಷ್ಟಕ್ಕೇ ಮುಗಿಯಿತೆನ್ನುವಂತಿಲ್ಲ. ಸಂಬಳದ ಪರಿಚಾರಕರು ಬಳಸುವ ಯಂತ್ರವನ್ನು 1998ರ ನಿಯಮಗಳ ಪ್ರಕಾರ ಆರು ತಿಂಗಳಿಗೊಮ್ಮೆ ತಜ್ಞರಿಂದ ಕೂಲಂಕಷವಾಗಿ ಪರೀಕ್ಷಿಸಬೇಕು. ಜೋಳಿಗೆಯೂ ಸವೆಯುತ್ತದೆ, ಅದನ್ನು ಬದಲಿಸಬೇಕು.

ಇಷ್ಟು ಹಣ ಎಲ್ಲಿಂದ ಬರಬೇಕು? ಇಂಗ್ಲೆಂಡಿನಲ್ಲಿ 1996ರ ವಸತಿ ಕಾಯಿದೆಯಂತೆ ಅಂಗವಿಕಲರ ಮನೆಯನ್ನು ಅವರಿಗೆ ತಕ್ಕಂತೆ ಮಾರ್ಪಡಿಸಲು ಸ್ಥಳೀಯ ಆಡಳಿತವು ಸಹಾಯಧನ ನೀಡಲೇಬೇಕು. ಇದು ಮೆಚ್ಚತಕ್ಕ ಕಾಯಿದೆ. ಸಹಾಯಧನದ ಪರಮಾವಧಿಯನ್ನು 2008ರಲ್ಲಿ 30,000 ಪೌಂಡುಗಳಿಗೆ ಏರಿಸಿದರು. 2018ರಲ್ಲಿ ಪ್ರಕಟವಾದ ಸ್ವತಂತ್ರ ಪರಿಶೀಲನೆಯು ಅದನ್ನು ಮತ್ತೆ ಏರಿಸಬೇಕೆಂದು ಸಲಹೆ ಮಾಡಿದರೂ 2024ರವರೆಗೆ ಅದು ಅಲ್ಲಿಯೇ ನಿಂತಿತ್ತು. ಬರಿಯ ಎತ್ತುಯಂತ್ರಕ್ಕೆ ಈ ಮೊತ್ತ ಧಾರಾಳವಾಗಿ ಸಾಕು. ತೊಡಕಿರುವುದು ಬೇರೆಡೆ. ಹದಿನೆಂಟು ವರ್ಷದೊಳಗಿನ ಮಕ್ಕಳಿಗಾದರೆ ಆದಾಯವನ್ನು ವಿಚಾರಿಸದೆ ಹಣ ಕೊಡುತ್ತಾರೆ. ವಯಸ್ಕರಿಗೆ ಹಾಗಿಲ್ಲ, ಅಂಗವಿಕಲನ ಆದಾಯವನ್ನೂ ಉಳಿತಾಯವನ್ನೂ ಅವನ ಪತ್ನಿಯ ಸಂಬಳದೊಡನೆ ಕೂಡಿಸಿ ಅಳೆಯುತ್ತಾರೆ, ಮನೆಯ ಸಾಲದ ಕಂತನ್ನು ಮಾತ್ರ ಕಳೆಯುವುದಿಲ್ಲ. ಹೀಗೆ ಬಂದ ಮೊತ್ತವು ಯಂತ್ರದ ಬೆಲೆಯನ್ನು ದಾಟಿದರೆ ಆ ದಂಪತಿಗಳಿಗೆ ದೊರೆಯುವುದು ಸೊನ್ನೆ.

ಯಂತ್ರ ಬಾರದಿದ್ದರೆ ಗಂಡನನ್ನು ಎತ್ತುವವರು ಯಾರು? ಅದೇ ಪತ್ನಿ. ಸನ್ನೆಯ ನಿಯಮವನ್ನು ಕಲಿತ ವಿದ್ಯಾರ್ಥಿಗಳು ಮುಂದಿನ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಸೊಂಟದ ಬಳಿ ಬೆನ್ನೆಲುಬಿನ ಮಣಿಗಳ ನಡುವೆ ಇರುವ ಮೆತ್ತೆಯೇ ಇಲ್ಲಿ ಸನ್ನೆಯ ಆಧಾರಬಿಂದು. ಅದಕ್ಕೆ ಸುಮಾರು 5 ಸೆಂಟಿಮೀಟರು ಹಿಂದೆ ಬೆನ್ನಿನ ಸ್ನಾಯುಗಳು ಎಳೆಯುತ್ತವೆ. ಹಾಸಿಗೆಯತ್ತ ಬಾಗಿದವಳ ಕೈಯಲ್ಲಿರುವ ಭಾರವಾದರೋ 40 ಸೆಂಟಿಮೀಟರು ಮುಂದಿದೆ. ಎಂಟು ಪಟ್ಟು ದೂರ. 60 ಕಿಲೋಗ್ರಾಂನ ಗಂಡನ ಅರ್ಧ ತೂಕವನ್ನಷ್ಟೇ ಅವಳು ತಾಳಿದಳೆಂದರೂ, ಆ 30 ಕಿಲೋಗ್ರಾಂಗಳನ್ನು ತಡೆಯಲು ಸ್ನಾಯುಗಳು 240 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬೇಕಾಗುತ್ತದೆ. ಈ ಎಳೆತವೂ ಆ ಭಾರವೂ ಬಾಗಿದ ಅವಳದೇ ಮೈಯೂ ಒಟ್ಟುಗೂಡಿ ಮೆತ್ತೆಯನ್ನು ಅಮುಕುತ್ತವೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು ಕೆಲಸಗಾರರ ಬೆನ್ನಿಗೆ ಹಾಕಿದ ಎಚ್ಚರಿಕೆಯ ಗೆರೆ 3,400 ನ್ಯೂಟನ್, ಎಂದರೆ ಸುಮಾರು 350 ಕಿಲೋಗ್ರಾಂ ತೂಕದ ಬಲ. ನಮ್ಮ ಉದಾಹರಣೆಯ ಮೊತ್ತವು ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ.

ಸಂಬಳಕ್ಕೆ ದುಡಿಯುವ ಪರಿಚಾರಕಿಗೆ ಇದರಿಂದ ರಕ್ಷಣೆಯುಂಟು. ಅಪಾಯಕರವಾದ ಭಾರವನ್ನು ಕೈಯಿಂದ ಎತ್ತಿಸುವುದನ್ನು ಸಾಧ್ಯವಿದ್ದಷ್ಟು ಮಟ್ಟಿಗೆ ತಪ್ಪಿಸತಕ್ಕದ್ದೆಂದು 1992ರ ನಿಯಮಗಳು ಬ್ರಿಟನ್ನಿನ ಮಾಲೀಕರಿಗೆ ವಿಧಿಸಿವೆ. ಪತ್ನಿಗೆ ಮಾಲೀಕನಿಲ್ಲ, ಆದಕಾರಣ ಆ ನಿಯಮವು ಅವಳಿಗೆ ಅನ್ವಯಿಸದು. ಸಹಾಯಧನದ ಲೆಕ್ಕದಲ್ಲಿ ಅವಳ ಸಂಬಳ ಬಂತು, ಅವಳ ಬೆನ್ನು ಬರಲಿಲ್ಲ. ಆ ಬೆನ್ನು ಕೆಟ್ಟ ದಿನ ಸಂಬಳವೂ ನಿಂತೀತು. ದಿನಕ್ಕೆ ನಾಲ್ಕಾರು ಬಾರಿ ಇಬ್ಬರು ಪರಿಚಾರಕರನ್ನು ಕಳುಹಿಸುವ ಹೊರೆ ಅದೇ ಆಡಳಿತದ ಮೇಲೆ ಬಿದ್ದೀತು. ಅಂದು ತೆರಬೇಕಾದ ಹಣದ ಮುಂದೆ ಎರಡು ಮೂರು ಸಾವಿರ ಪೌಂಡು ಯಾವ ಲೆಕ್ಕ?

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ನೆಲದ ಮೇಲೆ ಗಾಲಿಗಳಿಂದ ಉರುಳುವ ಎತ್ತುಯಂತ್ರವು ಇದಕ್ಕಿಂತ ಅಗ್ಗವಾಗಿ ದೊರೆಯುವಾಗ ಚಾವಣಿಯನ್ನೇಕೆ ಕೆಡವಬೇಕೆಂದು ಕೇಳಬಹುದು. ವಿಶಾಲವಾದ ಕೋಣೆ, ನುಣುಪಾದ ನೆಲ, ನೆರವಿಗೆ ಇನ್ನೊಂದು ಜೊತೆ ಕೈ ಇರುವ ಕಡೆ ಅದೇ ಸಾಕೆಂದು ನಾವೂ ಒಪ್ಪುತ್ತೇವೆ. ಇಕ್ಕಟ್ಟಿನ ಕೋಣೆಯಲ್ಲಿ, ದಪ್ಪ ಜಮಖಾನದ ಮೇಲೆ, ಭಾರ ಹೊತ್ತ ಗಾಲಿಗಳನ್ನು ಒಬ್ಬಳೇ ತಳ್ಳಿ ತಿರುಗಿಸುವುದೆಂದರೆ ಎತ್ತುವ ಶ್ರಮವನ್ನು ನೂಕುವ ಶ್ರಮವಾಗಿ ಬದಲಿಸಿದಂತಾಯಿತು, ಅಷ್ಟೆ. ಹಣವುಳ್ಳವರಿಗೂ ಬೊಕ್ಕಸದಿಂದ ಏಕೆ ಕೊಡಬೇಕೆಂಬುದು ಎರಡನೆಯ ಆಕ್ಷೇಪಣೆ. ಮನೆಗೆ ಹೊಸ ಕೋಣೆಯನ್ನೇ ಕಟ್ಟಿಸುವ ದೊಡ್ಡ ಕೆಲಸಕ್ಕೆ ಈ ಮಾತು ಸಲ್ಲಬಹುದು. ಎತ್ತುಯಂತ್ರದಂತಹ ಸಣ್ಣ ಕೆಲಸಕ್ಕೆ ಆದಾಯದ ವಿಚಾರಣೆಯನ್ನು ಬಿಟ್ಟೇ ಬಿಡಬೇಕೆಂಬುದು ನಮ್ಮ ಮತ. ಇದು ಕನಸಿನ ಮಾತಲ್ಲ. 2002ರ ಆಜ್ಞೆಯೊಂದು ಕೊಟ್ಟ ಸ್ವಾತಂತ್ರ್ಯವನ್ನು ಬಳಸಿಕೊಂಡು ಇಂಗ್ಲೆಂಡಿನ ಕೆಲವು ಸ್ಥಳೀಯ ಆಡಳಿತಗಳು ಹಾಗೆಯೇ ಮಾಡಿವೆ. ಪಕ್ಕದ ಜಿಲ್ಲೆಯವರು ಮಾಡದಿರಲು ಕಾರಣವೇನೆಂಬುದು ನಮಗೆ ತೋರದು.

ವಿಳಂಬಕ್ಕೂ ಬೆಲೆ ಕಟ್ಟಬೇಕಾಗಿದೆ. ಅರ್ಜಿ ಕೈಸೇರಿದ ಮೇಲೆ ತೀರ್ಮಾನ ಹೇಳಲು ಕಾಯಿದೆಯು ಆಡಳಿತಕ್ಕೆ ಆರು ತಿಂಗಳ ಅವಕಾಶ ಕೊಟ್ಟಿದೆ. ಹಾಸಿಗೆ, ಕುರ್ಚಿ, ಬಚ್ಚಲುಗಳ ನಡುವೆ ದಿನಕ್ಕೆ ಎಂಟು ಸಲ ಎತ್ತಿ ಇಳಿಸುವುದೆಂದರೆ, ಕಾಗದಗಳು ಮೇಜಿನಿಂದ ಮೇಜಿಗೆ ಸಾಗುವ ಆ 182 ದಿನಗಳಲ್ಲಿ 1,456 ಸಲ.