ಕತ್ತರಿ ಹಿಡಿಯುವ ಮುನ್ನ ಒಮ್ಮೆ ಓದಿ

ಇತ್ತೀಚೆಗೆ ನಮ್ಮ ಮನೆಗಳ ಹುಡುಗ ಹುಡುಗಿಯರಿಗೆ ಒಂದು ಹೊಸ ಹವ್ಯಾಸ ಹತ್ತಿಕೊಂಡಿದೆ. ಆರು ಉಂಗುರಗಳ ಪ್ಲಾನರ್ ಬೈಂಡರ್ ಒಂದನ್ನು ಕೊಳ್ಳುವುದು, ಅದರ ಹೊದಿಕೆಯ ಮೇಲೆ ಹಳೆಯ ಕಾಗದದ ಚೂರುಗಳನ್ನು ಒಂದರ ಮೇಲೊಂದು ಅಂಟಿಸಿ ಅಂದಗೊಳಿಸುವುದು. ಇದಕ್ಕೆ ಕೊಲಾಜ್ ಎನ್ನುತ್ತಾರೆ. ಹವ್ಯಾಸದ ಬಗ್ಗೆ ನಮಗೆ ತಕರಾರಿಲ್ಲ. ಪರೀಕ್ಷೆ, ಟ್ಯೂಷನ್, ಲೋಕಲ್ ರೈಲುಗಳ ನಡುವೆ ಮಕ್ಕಳು ಕೈಯಾರೆ ಏನನ್ನಾದರೂ ಮಾಡುತ್ತಾರೆಂದರೆ ಸಂತೋಷವೇ. ನಮ್ಮ ತಕರಾರೆಲ್ಲ ಕತ್ತರಿಗೆ ಬಲಿಯಾಗುವ ಕಾಗದದ ಬಗ್ಗೆ.

ಅವರಿಗೆ ಹಳೆಯ ಕಾಲದ ಕಾಗದವೇ ಬೇಕಂತೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅದಕ್ಕೇನು ಕೊರತೆ? ಅಜ್ಜ ಊರಿನಿಂದ ಹೊತ್ತು ತಂದ ಸುಧಾ, ಮಯೂರ, ಕಸ್ತೂರಿ, ಚಂದಮಾಮ, ನಡುವೆ ಮಡಿಸಿಟ್ಟ ದಿನಪತ್ರಿಕೆಗಳು. ಮೊನ್ನೆ ಒಂದು ಮನೆಯಲ್ಲಿ ಇಂಥ ಬೈಂಡರನ್ನು ಹೆಮ್ಮೆಯಿಂದ ತೋರಿಸಿದರು. ನಡುವೆ ಬಣ್ಣದ ಕಾಗದದ ಹೂವು, ಸುತ್ತಲೂ ಕನ್ನಡ ಅಕ್ಷರಗಳ ಅಂಚು. ಅಕ್ಷರಗಳೆಲ್ಲ ತಲೆಕೆಳಗು! ತಿರುಗಿಸಿ ಓದಿದರೆ, ಯಾರದೋ ಉತ್ತರಕ್ರಿಯೆಯ ಪ್ರಕಟಣೆ. "ಡಿಸೈನ್ ಚೆನ್ನಾಗಿದೆ ಅಲ್ವಾ?" ಎಂದಿತು ಮಗು. ನಮಗೆ ನಗಲೂ ಆಗಲಿಲ್ಲ.

ಮಗುವಿನ ತಪ್ಪೇನು? ಓದಲು ಬಾರದವರಿಗೆ ಅಕ್ಷರವೂ ಒಂದು ಬಳ್ಳಿಯ ಚಿತ್ರವೇ. ಕಲಿಸದೆ ಬಿಟ್ಟವರು ನಾವು.

"ರದ್ದಿಯವನ ತಕ್ಕಡಿಗೆ ಹೋಗುವುದಕ್ಕಿಂತ ಇದು ಮೇಲಲ್ಲವೇ? ಕನ್ನಡ ಮಕ್ಕಳ ಕೈಯಲ್ಲಾದರೂ ಇರುತ್ತದೆ" ಎಂದು ಕೆಲವರು ವಾದಿಸುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ರದ್ದಿ ಅಂಗಡಿಯಿಂದ ಒಬ್ಬ ಓದುಗನಾದರೂ ಪತ್ರಿಕೆಯನ್ನು ಮರಳಿ ಕೊಂಡಾನು. ಕತ್ತರಿಸಿ ಅಂಟಿಸಿದ್ದು ಮತ್ತೆ ಬರುವುದಿಲ್ಲ. ಪುಟದ ಈ ಬದಿಯ ಚಿತ್ರವನ್ನು ಕತ್ತರಿಸಿದಾಗ ಆ ಬದಿಯ ಕಥೆಯೂ ತುಂಡಾಯಿತೆಂಬುದು ಓದದವರಿಗೆ ತಿಳಿಯುವುದಾದರೂ ಹೇಗೆ?

ಇದು ಕಲೆ ಎನ್ನುವವರೂ ಇದ್ದಾರೆ. ಒಪ್ಪೋಣ. 1912ರಲ್ಲಿ ಫ್ರಾನ್ಸಿನಲ್ಲಿ ಬ್ರಾಕ್ ಮತ್ತು ಪಿಕಾಸೋ ಚಿತ್ರಕ್ಕೆ ಕಾಗದ ಅಂಟಿಸುವುದನ್ನು ದೊಡ್ಡ ಕಲೆಯಾಗಿ ಮಾಡಿದರು. ಆ ವರ್ಷ ಪಿಕಾಸೋ ತನ್ನ ಗಿಟಾರಿನ ಚಿತ್ರವೊಂದಕ್ಕೆ ಅಂಟಿಸಿದ್ದು ಬಾಲ್ಕನ್ ಯುದ್ಧದ ಸುದ್ದಿಯ ತಲೆಬರಹ. ಅದು ಆ ದಿನಗಳದೇ ಪತ್ರಿಕೆ, ನೋಡುವವರು ಓದಬಲ್ಲ ಮಾತು. ಓದು ಇದ್ದುದರಿಂದಲೇ ಅದಕ್ಕೆ ಅರ್ಥ ಬಂತು.

ಇನ್ನು ಬಾಳಿಕೆಯ ಮಾತು. ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಹಳದಿಯಾಗಿ, ಆಮ್ಲದಿಂದ ಮುರುಕಲಾಗುತ್ತದೆ. ದಿನವೂ ಚೀಲದಲ್ಲಿ ಉಜ್ಜುವ ಹೊದಿಕೆಯ ಮೇಲೆ ಅದು ಎಷ್ಟು ದಿನ ಬಂದೀತು? ಅದರ ಬದಲು ಜೆರಾಕ್ಸ್ ಮಾಡಿಸಿ. ಬೇಕಾದ ಅಳತೆಗೆ ಹಿಗ್ಗಿಸಬಹುದು, ಮೂಲ ಪುಟವೂ ಉಳಿಯುತ್ತದೆ. ಮದುವೆಯ ಕರೆಯೋಲೆ, ಕಳೆದ ವರ್ಷದ ಕ್ಯಾಲೆಂಡರ್, ಊದುಬತ್ತಿಯ ಪೊಟ್ಟಣ, ಮೈಸೂರು ಸ್ಯಾಂಡಲ್ ಸೋಪಿನ ರಟ್ಟು: ಗಟ್ಟಿಯಾದ, ಬಣ್ಣಬಣ್ಣದ ಕಾಗದಕ್ಕೆ ನಮ್ಮ ಮನೆಗಳಲ್ಲಿ ಬರವೇ?

ಆದ್ದರಿಂದ ತಂದೆತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೆ. ಕತ್ತರಿ ಕೊಡುವ ಮುನ್ನ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪುಟವನ್ನು ಒಮ್ಮೆ ಗಟ್ಟಿಯಾಗಿ ಓದಿ. ಅಂಟಿಸುವ ಪದವನ್ನು ಮಗು ತಾನೇ ಓದಿ ಆರಿಸಲಿ. ತನ್ನ ಹೆಸರು, ಅಜ್ಜಿಯ ಊರಿನ ಹೆಸರು, ಸೋಮವಾರದಿಂದ ಭಾನುವಾರದವರೆಗೆ ಏಳು ದಿನಗಳ ಹೆಸರು. ಪ್ಲಾನರಿಗೆ ಹೇಗೂ ವಾರಗಳು ಬೇಕು. ಅಷ್ಟು ಅಂಟಿಸಿ ಮುಗಿಸುವಷ್ಟರಲ್ಲಿ ಎಷ್ಟು ಅಕ್ಷರಗಳ ಪರಿಚಯವಾಗುತ್ತದೆಂದು ನೀವೇ ನೋಡಿ.

ಟ್ರಂಕಿನ ಸಂಚಿಕೆಗಳಿಗೆ ಮನೆಯಲ್ಲಿ ಜಾಗವಿಲ್ಲವೆಂದಾದರೆ ಸಂಘದ ಗ್ರಂಥಾಲಯಕ್ಕೆ ತಂದುಕೊಡಿ. ಇಡಿಯಾಗಿ ತನ್ನಿ.