ರಾಕ್ ಹಡ್ಸನ್ನನ ಹೆಂಡ್ತಿ ಮತ್ತ ನಮ್ಮ ಓಣಿಗೆ ಬರೋ ಸೊಸಿ

"ಒಂದು ಲಗ್ನ ಮಾಡಿ ಬಿಡ್ರಿ, ತಾನ ಸರಿ ಹೋಗ್ತಾನ." ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವ. ಕುಡ್ಯಾಂವಗೂ ಇದ ಔಷಧ, ದುಡೀಲಾರದಾಂವಗೂ ಇದ ಔಷಧ, ಮೂವತ್ತೆರಡು ಆದ್ರೂ "ನಂಗ ಲಗ್ನ ಬ್ಯಾಡ, ಕಾಲಿಗೆ ಬೀಳ್ತೀನಿ" ಅನ್ನೋ ಹುಡುಗಗೂ ಇದ ಔಷಧ. ಹುಚ್ಚು ಬಿಡದ ಲಗ್ನ ಆಗಂಗಿಲ್ಲ, ಲಗ್ನ ಆಗದ ಹುಚ್ಚು ಬಿಡಂಗಿಲ್ಲ ಅಂತ ಹಿರ್ಯಾರು ನಗ್ಯಾಡಾಕ ಹೇಳಿದ್ರು. ನಾವು ಅದನ್ನ ಡಾಕ್ಟರ್ ಚೀಟಿ ಮಾಡ್ಕೊಂಡೇವಿ.

ತುಳಸಿ ಲಗ್ನ ಮುಗೀತು, ಇನ್ನ ಕನ್ಯಾ ಹುಡುಕೋರ ಗದ್ಲ ಚಾಲೂ ಆಗ್ತೈತಿ. ಹಂಗಾಗಿ ನೆಲ್ಲಿಕಾಯಿ ಉಪ್ಪಿನಕಾಯಿ ಮುಂದಿನ ವಾರ ಬರೀತೀನಿ, ಈ ವಾರ ಇದು. ನನ್ನ ನೆಗೆಣ್ಣಿ ಓದಿದ್ರ ಸಿಟ್ಟಾಗ್ತಾಳ. ಆಗಲಿ.

ಗಂಡಸ್ರ ಮ್ಯಾಲನ ಮನಸ್ಸು ಹೋಗೋ ಗಂಡಸ್ರು ಅದಾರ. ಪ್ಯಾಟ್ಯಾಗ ಗೇ ಅಂತಾರ, ಪೇಪರ್‌ನ್ಯಾಗ ಸಲಿಂಗಿ ಅಂತ ಬರೀತಾರ. ನಮ್ಮ ಓಣ್ಯಾಗ ಏನಂತಾರ ಅನ್ನೋದನ್ನ ನಾ ಇಲ್ಲಿ ಬರಿಯಂಗಿಲ್ಲ, ನಿಮಗ ಗೊತ್ತೈತಿ. "ಅಂಥವ್ರು ಬೆಂಗಳೂರಾಗ ಇರ್ತಾರ, ನಮ್ಮ ದುಮ್ಮವಾಡದಾಗ ಎಲ್ಲಿ?" ಅಂತ ನೀವು ಅನ್ನೋದೂ ನಂಗ ಗೊತ್ತೈತಿ. ಬೆಂಗಳೂರಾಗ ಇರೋರು ಎಲ್ಲಿಂದ ಹೋದವ್ರು? ನಮ್ಮಂಥಾ ಊರಿಂದನ ಬಸ್ ಹತ್ತಿ ಹೋದವ್ರು.

ರಾಕ್ ಹಡ್ಸನ್ ಅಂತ ಅಮೆರಿಕಾದ ಹಳೇ ಸಿನಿಮಾ ನಟ. ಮಗಳು ಮೊಬೈಲ್‌ನ್ಯಾಗ ಆತನ ಸಿನಿಮಾ ಒಂದು ಹಚ್ಚಿ ಕೊಟ್ಟಿದ್ಲು, ಕೆಳಗ ಅಕ್ಷರ ಬರೋದು. ಆರಡಿ ಮ್ಯಾಲ ನಾಕೈದು ಇಂಚು ಎತ್ತರ, ಅಗಲ ಹೆಗಲು, ನಕ್ಕರ ನಮ್ಮಂಥಾ ವಯಸ್ಸಾದವ್ರೂ ಒಲಿ ಮ್ಯಾಲಿನ ಹಾಲು ಮರೀಬೇಕು, ಹಂಗ. ಹುಟ್ಟಿದ್ದು 1925ರಾಗ. ಸಣ್ಣಾಂವ ಇದ್ದಾಗನ ಅಪ್ಪ ಮನಿ ಬಿಟ್ಟು ಹೋದ. ಅವ್ವ ಮತ್ತೊಂದು ಲಗ್ನ ಆದ್ಲು. ಇಂವ ದೊಡ್ಡಾಂವ ಆಗಿ ನೌಕಾಪಡ್ಯಾಗ ಇದ್ದು ಬಂದು, ಲಾಸ್ ಏಂಜಲೀಸ್‌ದಾಗ ಲಾರಿ ಹೊಡೀತಿದ್ದ. ಹೆನ್ರಿ ವಿಲ್ಸನ್ ಅನ್ನೋ ಏಜೆಂಟ್ ಕಣ್ಣಿಗೆ ಬಿದ್ದ. ರಾಯ್ ಅನ್ನೋ ಹೆಸರು ತಗದು ರಾಕ್ ಹಡ್ಸನ್ ಅಂತ ಇಟ್ರು, ಹಲ್ಲು ಸರಿ ಮಾಡಿಸಿದ್ರು, ನಡಿಗಿ ಕಲಿಸಿದ್ರು. ಕನ್ಯಾಗ ಅರಿಷಿಣ ಹಚ್ಚಿ ತಯಾರ ಮಾಡಿಧಂಗ ತಯಾರ ಮಾಡಿ ಪರದೆ ಮ್ಯಾಲ ನಿಲ್ಲಿಸಿದ್ರು. 1954ರಿಂದ ಅಂವ ದೊಡ್ಡ ಹೀರೋ. ಹೆಣ್ಣು ಹುಡುಗ್ಯಾರು ಅವನ ಫೋಟೋ ದಿಂಬಿನ ಬುಡಕ ಇಟ್ಕೊಂಡು ಮಲಗೋರು.

ಆದ್ರ ಅವನ ಮನಸ್ಸು ಗಂಡಸ್ರ ಕಡೆ. ಕಂಪನಿಯವ್ರಿಗೆ ಗೊತ್ತಿತ್ತು, ಏಜೆಂಟ್‌ಗೆ ಗೊತ್ತಿತ್ತು, ಜೊತಿ ಕೆಲಸ ಮಾಡೋರಿಗೆ ಗೊತ್ತಿತ್ತು. ಟಿಕೀಟ್ ತಗೊಂಡು ಬರೋ ಹೆಣ್ಣುಮಕ್ಕಳಿಗೆ ಮಾತ್ರ ಗೊತ್ತಿರಲಿಲ್ಲ.

1955ರಾಗ ಕಾನ್ಫಿಡೆನ್ಶಿಯಲ್ ಅನ್ನೋ ಚಾಡಿ ಪತ್ರಿಕೆ ಇವನ ಗುಟ್ಟು ಬರಿಯಾಕ ತಯಾರಾಗಿತ್ತು, ವಿಲ್ಸನ್ ತನ್ನ ಬ್ಯಾರೆ ನಟರ ಗುಟ್ಟು ಅವ್ರ ಕೈಯಾಗ ಕೊಟ್ಟು ಇವನ್ನ ಉಳಿಸ್ಕೊಂಡ ಅಂತ ಎಲ್ಲಾರೂ ಹೇಳ್ತಾರ. ಅದ ವರ್ಷ ಅಕ್ಟೋಬರ್‌ದಾಗ ಲೈಫ್ ಅನ್ನೋ ಮರ್ಯಾದಸ್ಥರ ಪತ್ರಿಕೆ ಮುಖಪುಟಕ್ಕ ಇವನ ಫೋಟೋ ಹಾಕಿ, ಇವಂಗ 29 ವರ್ಷ ಆತು, ಇನ್ನ ಲಗ್ನ ಆಗಬೇಕು, ಇಲ್ಲಾ ಯಾಕ ಆಗಿಲ್ಲ ಅಂತ ಹೇಳಬೇಕು ಅನ್ನೋ ಅರ್ಥದಾಗ ಬರೀತು. ನೋಡ್ರಿ, ನಮ್ಮ ಕಟ್ಟಿ ಮ್ಯಾಲಿನ ಮಾತು ಅಮೆರಿಕಾದ ಪತ್ರಿಕೆದಾಗ! ನವೆಂಬರ್ 9ಕ್ಕ ಲಗ್ನ ಆಗಿ ಹೋತು. ಕನ್ಯಾ ಯಾರು? ಫಿಲಿಸ್ ಗೇಟ್ಸ್, ಅದ ಏಜೆಂಟ್ ವಿಲ್ಸನ್‌ನ ಆಫೀಸಿನ ಸೆಕ್ರೆಟರಿ. ಮುಖಪುಟ ಬಂದ ನಲವತ್ತು ದಿನದೊಳಗ ಅಕ್ಷತಾ ಬಿದ್ದಾವ.

ನಾ ಬರೀಬೇಕಂತ ಕುಂತಿದ್ದು ಈ ಫಿಲಿಸ್ ಬಗ್ಗೆ. ಹಡ್ಸನ್ ಬಗ್ಗೆ ಕಣ್ಣೀರು ಹಾಕಾಕ ಮಂದಿ ಭಾಳ ಅದಾರ, ಹಾಕಲಿ, ಅವಂದೂ ತಪಾ ಸಣ್ಣದಲ್ಲ. ಆದ್ರ ಆಕಿ? 1958ರಾಗ ಮಾನಸಿಕ ಕ್ರೌರ್ಯ ಅಂತ ಹೇಳಿ ಡೈವೋರ್ಸ್ ತಗೊಂಡ್ಲು. ವಾರಕ್ಕ 250 ಡಾಲರ್, 10 ವರ್ಷ. ಮೂರು ವರ್ಷನೂ ತುಂಬಲಿಲ್ಲ ಸಂಸಾರ. ಆಕಿ 1987ರಾಗ ಪುಸ್ತಕ ಬರದು, ನಾ ಪ್ರೀತಿಲೆ ಲಗ್ನ ಆಗಿದ್ದೆ, ನಂಗ ಗೊತ್ತಿರಲಿಲ್ಲ ಅಂದ್ಲು. ಆ ಪುಸ್ತಕದ ಹೆಸರೂ "ನನ್ನ ಗಂಡ ರಾಕ್ ಹಡ್ಸನ್" ಅಂತನ. ಅದಕ್ಕೂ ಮಂದಿ ಬಿಡಲಿಲ್ಲ. ಆಕಿಗೆ ಗೊತ್ತಿತ್ತು, ಗೊತ್ತಿದ್ದ ರೊಕ್ಕಕ್ಕ ಆಗ್ಯಾಳ ಅಂದ್ರು. ನೋಡಿದ್ರ್ಯಾ? ಲಗ್ನ ಕೂಡಿಸಿದ ಏಜೆಂಟ್‌ಗ ಪ್ರಶ್ನೆ ಇಲ್ಲ, ಕಂಪನಿಗೆ ಪ್ರಶ್ನೆ ಇಲ್ಲ, ತಾಳಿ ಕಟ್ಟಿಸ್ಕೊಂಡಾಕಿಗೆ ಪ್ರಶ್ನೆ. ಗೊತ್ತಿತ್ತೇನ್? ಯಾವಾಗ ಗೊತ್ತಾತು? ಗೊತ್ತಾದ ಮ್ಯಾಲ ಯಾಕ ಸುಮ್ಮನಿದ್ದಿ? ನಮ್ಮಲ್ಲೂ ತವರಿಗೆ ತಿರುಗಿ ಬಂದ ಹುಡುಗಿಗೆ ಮೊದಲನೇ ದಿನ ಕೇಳೋ ಪ್ರಶ್ನೆ ಇವ.

ನಮ್ಮ ಕಡೇದು ಒಂದು ಹೇಳ್ತೀನಿ, ಊರು ಹೆಸರು ಹೇಳಂಗಿಲ್ಲ. ಹುಡುಗ ಚೊಲೋ ನೌಕರಿ, ಕುಡಿಯಾಂವಲ್ಲ, ಮಾತು ಮೆತ್ತಗ. ಲಗ್ನ ಆಗಿ ವರ್ಷ ತುಂಬೂದ್ರೊಳಗ ಅತ್ತಿ ಕಲಘಟಗಿಗೆ ಹೋಗಿ ಬಣ್ಣದ ತೊಟ್ಲಾದ ರೇಟ್ ಕೇಳಿ ಬಂದ್ಲು. ಇಲ್ಲಿ ಗಂಡ ದಿನಾ ಪಡಸಾಲ್ಯಾಗ ಮಲಗಾಂವ, ನಿದ್ದಿ ಬರಂಗಿಲ್ಲ ಅಂತ ನೆವ ಹೇಳಾಂವ. ಹುಡುಗಿ ಯಾರಿಗೆ ಹೇಳಬೇಕು? ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ಆಕಿಗೆ ಸ್ಕ್ಯಾನಿಂಗ್ ಮಾಡಿಸಿದ್ರು, ರಕ್ತಾ ತಗಿಸಿದ್ರು, ಗುಳಿಗಿ ನುಂಗಿಸಿದ್ರು, ಹರಕಿ ಹೊತ್ತು ಉಪಾಸ ಮಾಡಿಸಿದ್ರು. ಅವನ್ನ ಒಂದ್ ಸಲನೂ ಯಾರೂ ಏನೂ ಕೇಳಲಿಲ್ಲ. ಬಂಜಿ ಅನ್ನೋ ಹೆಸರು ಹೊತ್ಕೊಂಡು ಮೂರನೇ ವರ್ಷ ಆಕಿ ತವರಿಗೆ ಬಂದ್ಲು. ಕಡೀಕ ಬಾಯಿ ಬಿಟ್ಟಾಗ ಹೇಳಿದ್ದು ಇಷ್ಟ: "ಅವರು ಕೆಟ್ಟವ್ರಲ್ಲ ಕಾಕು, ರಾತ್ರಿ ನನ್ನ ಮಾರಿ ನೋಡಿ ಅವರೂ ಅಳ್ತಿದ್ರು."

ಇಬ್ಬರೂ ಅಳ್ತಿದ್ರಂದ್ರ ಆ ಲಗ್ನ ಬೇಕಾಗಿದ್ದಾದ್ರೂ ಯಾರಿಗೆ?

ಹಾಲಿವುಡ್‌ದಾಗ ಸ್ಟುಡಿಯೋ ಇತ್ತು, ರೊಕ್ಕ ಹಾಕಿತ್ತು, ಹೀರೋನ ಹೆಸರು ಕೆಟ್ರ ಟಿಕೀಟ್ ಹೋಗಂಗಿಲ್ಲ ಅನ್ನೋ ಅಂಜಿಕಿ ಇತ್ತು. ನಮ್ಮ ಮನ್ಯಾಗ ಸ್ಟುಡಿಯೋ ಯಾರು? ನಾವ, ಅಕ್ಕ-ತಂಗ್ಯಾರ. ಕನ್ಯಾ ನೋಡೋರು ನಾವು, ಫೋಟೋ ವಾಟ್ಸಾಪ್‌ನ್ಯಾಗ ಕಳಸೋರು ನಾವು, "ಹುಡುಗ ಸ್ವಲ್ಪ ನಾಚಿಕಿ ಸ್ವಭಾವ, ಹುಡುಗ್ಯಾರ ಮಾರಿ ಎತ್ತಿ ನೋಡಂಗಿಲ್ಲ, ಬಂಗಾರ" ಅಂತ ಬೀಗರ ಮುಂದ ಜಾಹೀರಾತು ಹೇಳೋರೂ ನಾವ. ಗಂಡಸ್ರು ಯಾದಿ ಬರಿಯಾಕ, ಹಂದರ ಹಾಕಸಾಕ ಬರ್ತಾರ. ಒಳಗಿನ ಗುಟ್ಟು ಅವ್ವಗ ಗೊತ್ತಿರ್ತೈತಿ, ಅತ್ತಿಗೆ ಸಂಶೇ ಇರ್ತೈತಿ. ಗೊತ್ತಿದ್ದೂ ಇನ್ನೊಬ್ಬಾಕಿ ಮಗಳ ಮ್ಯಾಲ ಅಕ್ಷತಾ ಹಾಕ್ತೀವಿ. ನಮ್ಮ ಮಗಳಿಗೆ ಹಿಂಗ ಮಾಡಿದ್ರ ಪೊಲೀಸ್ ಸ್ಟೇಷನ್‌ಗೆ ಹೋಗ್ತೀವಿ. ಹೌದೋ ಅಲ್ಲೋ?

"ಹಂಗಂದ್ರ ಅವನ ಬಾಳೇನು?" ಅಂತೀರಿ. ಹಡ್ಸನ್‌ನ ಬಾಳನ್ನ ನೋಡ್ರಿ. 1959ರಾಗ ಡೋರಿಸ್ ಡೇ ಜೊತಿ ಪಿಲ್ಲೋ ಟಾಕ್ ಅನ್ನೋ ಸಿನಿಮಾ ಮಾಡಿದ. ಅದರಾಗ ಹೆಣ್ಣಿನ ಹಿಂದ ಬೀಳೋ ರಸಿಕ ಅಂವ. ಆ ರಸಿಕ ಆಕಿಗೆ ಬಲಿ ಬೀಸಾಕ ಸುಳ್ಳು ಹೆಸರು ಇಟ್ಕೊಂಡು ಹೋಗಿ, ತಾ ಅವ್ವನ ಸೆರಗಿನ ಹುಡುಗ, ಹೆಣ್ಣು ಒಲ್ಲಾಂವ ಇರಬೇಕು ಅನ್ನೋಹಂಗ ನಾಟಕ ಮಾಡ್ತಾನ. ಥೇಟರ್‌ನ್ಯಾಗ ಮಂದಿ ಬಿದ್ದು ಬಿದ್ದು ನಕ್ಕರು. ಖರೇನ ಅಂಥಾಂವ, ಅಲ್ಲದಾಂವನ ವೇಷ ಹಾಕಿ, ಆ ವೇಷದ ಮ್ಯಾಲ ಮತ್ತ ಅಂಥಾಂವನ ವೇಷ ಹಾಕಿದ್ದು! ನಂಗ ನಗಿ ಬರಲಿಲ್ಲ. 1984ರಾಗ ಏಡ್ಸ್ ಐತಿ ಅಂತ ಗೊತ್ತಾತು, ಅದನ್ನೂ ಮುಚ್ಚಿಟ್ಟ. ಜೊತಿ ಇದ್ದ ಗೆಳೆಯಗ ಸುದ್ದಾ ಹೇಳಲಿಲ್ಲ. ಆ ಗೆಳೆಯ ಮುಂದ ಕೋರ್ಟಿಗೆ ಹೋಗಿ ಗೆದ್ದ, ಗೆದ್ದದ್ದು ನ್ಯಾಯನ ಅಂತೀನಿ ನಾ. ಮುಚ್ಚಿಡೋ ಚಟ ಹಂಗ, ಒಮ್ಮೆ ಕಲ್ತ್ರ ಪ್ರೀತಿಯವ್ರಿಗೂ ಮುಚ್ಚಿಡ್ತಾರ. 1985ರ ಜುಲೈದಾಗ ಪ್ಯಾರಿಸ್‌ನ್ಯಾಗ ಕುಸಿದು ಬಿದ್ದ. ನಾಕು ದಿನ ಆದ ಮ್ಯಾಲ ಅವನ ಕಡೆಯವ್ರು ಏಡ್ಸ್ ಅಂತ ಒಪ್ಕೊಂಡ್ರು. ಸಾದಾ ವಿಮಾನದಾಗ ಕರ್ಕೊಳ್ಳಲಿಲ್ಲ, 2,50,000 ಡಾಲರ್ ಕೊಟ್ಟು ದೊಡ್ಡ ವಿಮಾನ ಪೂರ್ತಿ ಬಾಡಿಗಿ ಹಿಡಿದು, ಅಂವ ಮತ್ತ ಅವನ ಆರೈಕಿಯವ್ರು ಅಷ್ಟ ಮನಿಗೆ ಬಂದ್ರು. ಅಕ್ಟೋಬರ್ 2ಕ್ಕ ತೀರಿಕೊಂಡ, 59 ವರ್ಷ. ಅಷ್ಟು ಮಂದಿ ಪ್ರೀತಿ ಮಾಡಿದಾಂವ ಕಡೀಕ ಖಾಲಿ ವಿಮಾನದಾಗ ಬಂದ.

ಅದ ಊರಾಗ ವಿಲಿಯಂ ಹೇನ್ಸ್ ಅಂತ ಇನ್ನೊಬ್ಬ ನಟ ಇದ್ದ, ಹಡ್ಸನ್‌ಗಿಂತ ಮೊದಲಿನಾಂವ. ಜಿಮ್ಮಿ ಶೀಲ್ಡ್ಸ್ ಅನ್ನೋ ಗೆಳೆಯನ ಜೊತಿ ಸಂಸಾರ ಮಾಡ್ತಿದ್ದ. ಕಂಪನಿ ಅವನ್ನ ಬಿಡು ಅಂತು, ಇಂವ ಸಿನಿಮಾನ ಬಿಟ್ಟ. ಮನಿ ಅಲಂಕಾರದ ಕೆಲಸ ಹಿಡಿದು, ದೊಡ್ಡ ದೊಡ್ಡವ್ರ ಮನಿ ಚಂದ ಮಾಡಿ ಕೊಟ್ಟು, 1973ರಾಗ ಸಾಯೋ ತನಕ ಅದ ಗೆಳೆಯನ ಜೊತಿ ಇದ್ದ. ಯಾವ ಹುಡುಗೀದೂ ಕಣ್ಣೀರು ಬೀಳಲಿಲ್ಲ.

ಇದು ಪರದೇಶದ ಮಾತಾತು ಅಂತೀರಲ್ಲ, ನಮ್ಮ ವಸುಧೇಂದ್ರ ಯಾರು? "ನಮ್ಮಮ್ಮ ಅಂದ್ರೆ ನಂಗಿಷ್ಟ" ಪುಸ್ತಕ ನಮ್ಮ ಓಣ್ಯಾಗ ಎಷ್ಟು ಮನಿ ತಿರುಗೇತಿ ಗೊತ್ತಲ್ಲ, ನನ್ನ ಪ್ರತಿ ಇನ್ನೂ ತಿರುಗಿ ಬಂದಿಲ್ಲ, ಯಾರ ಹತ್ರ ಐತಿ ಕೊಡ್ರಿ. ಬಳ್ಳಾರಿ ಕಡೆ ಸಂಡೂರಿನವ್ರು, ಎಂಜಿನಿಯರ್, ಸಾಫ್ಟ್‌ವೇರ್ ಕಂಪನ್ಯಾಗ ದೊಡ್ಡ ನೌಕರಿ. ಇಂಥಾ ಮಗ ನಮ್ಮ ಹೊಟ್ಟ್ಯಾಗ ಹುಟ್ಟಬೇಕಿತ್ತು ಅಂತ ನಾವೆಲ್ಲಾ ಅಂದೇವಿ. ಅವರು ನಲವತ್ತು ದಾಟಿದ ಮ್ಯಾಲ, 2013ರಾಗ, "ಮೋಹನಸ್ವಾಮಿ" ಅನ್ನೋ ಕಥಿ ಪುಸ್ತಕ ತಂದು, ನಾನೂ ಸಲಿಂಗಿ ಅಂತ ಎಲ್ಲಾರ ಮುಂದ ಹೇಳಿದ್ರು. ಆಮ್ಯಾಲ ಅಂಥಾ ಹುಡುಗರ ಜೊತಿ ಮಾತಾಡಿ ಧೈರ್ಯ ಹೇಳೋ ಕೆಲಸಾನೂ ಮಾಡ್ಯಾರ. 2019ರಾಗ "ತೇಜೋ ತುಂಗಭದ್ರಾ" ಬಂತು, ಮಂದಿ ಸಾಲ ಹಚ್ಚಿ ಓದಿದ್ರು. ಹೇಳಿದ್ದಕ್ಕ ಆಕಾಶ ಏನೂ ಹರಿದು ಬೀಳಲಿಲ್ಲ. ಅವ್ವನ ಬಗ್ಗೆ ಹಂಗ ಬರದಾಂವ ಒಳ್ಳೆ ಮಗ ಹೌದಂದ್ರ, "ಮೋಹನಸ್ವಾಮಿ" ಬರದಾಂವನೂ ಅವನ.

ಇಲ್ಲೊಂದು ವಿಚಿತ್ರ ಐತಿ. ಎಲ್ಲಮ್ಮನ ಜೋಗಪ್ಪ, ಜೋಗತಿಯರು ಬಾಗಿಲಿಗೆ ಬಂದ್ರ ಮರದಾಗ ಜ್ವಾಳ ಹಾಕಿ ಕೈ ಮುಗೀತೀವಿ. ಮಂಜಮ್ಮ ಜೋಗತಿ ಅವ್ರಿಗೆ ಪದ್ಮಶ್ರೀ ಕೊಟ್ಟಾಗ ಟಿವಿ ಮುಂದ ಕುಂತು ಕಣ್ಣೊರಸ್ಕೊಂಡೇವಿ. ಸೀರಿ ಉಟ್ಟವ್ರ ಸಂಕಟ ನಮಗ ಕಾಣ್ತೈತಿ. ಪ್ಯಾಂಟ್ ಹಾಕಿ, ಮೀಸಿ ಬಿಟ್ಟು, ಬ್ಯಾಂಕಿಗೆ ಹೋಗೋ ಹುಡುಗಂದು ಕಾಣಂಗಿಲ್ಲ. "ಇಂವ ನೋಡಾಕ ಹಂಗಿಲ್ಲಲ್ಲ!" ಅಂತೀವಿ. ಹಡ್ಸನ್‌ನೂ ನೋಡಾಕ ಹಂಗಿರಲಿಲ್ಲ. ಅದಕ್ಕ ಅವನ ಸುಳ್ಳು ಮೂವತ್ತು ವರ್ಷ ನಡೀತು.

ಕಾಯ್ದೆ ಮಾತು ಬಂದ್ರ, 2018ರ ಸೆಪ್ಟೆಂಬರ್ 6ಕ್ಕ ಸುಪ್ರೀಂ ಕೋರ್ಟಿನ ಐದು ಮಂದಿ ಜಡ್ಜ್‌ರು ಇದು ಅಪರಾಧ ಅಲ್ಲ ಅಂದಾರ. 2023ರ ಅಕ್ಟೋಬರ್‌ದಾಗ, ಇಂಥವ್ರ ಲಗ್ನಕ್ಕ ನಾವು ಮಾನ್ಯತೆ ಕೊಡಾಕ ಬರಂಗಿಲ್ಲ ಅಂತನೂ ಅಂದಾರ. ಅರ್ಧ ಬಾಗಿಲು ತಗದಂಗ ಆತು. ಇದನ್ನ "ಬಿಡಸ್ತೀವಿ" ಅನ್ನೋ ಡಾಕ್ಟರ್‌ಗಳು ಅದಾರಲ್ಲ, ಅದು ವೈದ್ಯರ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಾಗನ ಹೇಳೇತಿ. ಅಂಥವ್ರ ಹತ್ರ ಹೋಗಿ ರೊಕ್ಕ ಸುರೀಬ್ಯಾಡ್ರಿ. ಹೆಣ್ಣು ಕೊಟ್ಟ ಮನಿಯವ್ರಿಗೂ ಒಂದು ಮಾತು. ಮೋಸದಿಂದ ಒಪ್ಪಿಗಿ ತಗೊಂಡಿದ್ರ ಲಗ್ನ ರದ್ದು ಮಾಡ್ರಿ ಅಂತ ಕೇಳಾಕ ಹಿಂದೂ ವಿವಾಹ ಕಾಯ್ದೆದಾಗ ದಾರಿ ಐತಿ, ಆದ್ರ ಮೋಸ ಗೊತ್ತಾದ ಒಂದು ವರ್ಷದೊಳಗ ಹೋಗಬೇಕು. "ನೋಡೋಣು, ಕೂಸು ಆದ್ರ ಸರಿ ಹೋಗಬಹುದು" ಅಂತ ಮಗಳಿಗೆ ಹೇಳ್ಕೋತ ಕುಂತ್ರ ಆ ವರ್ಷ ಕಳೀತೈತಿ.

ಈಗ ನನ್ನ ಕೇಳಿದವ್ರಿಗೆ ಉತ್ತರ. ಹೌದು, ಆ ಹುಡುಗಗ ಕನ್ಯಾ ನೋಡ್ರಿ ಅಂತ ನೀವು ಎರಡು ಸಲ ಫೋನ್ ಮಾಡಿದ್ರಿ, ನಮ್ಮ ಅಣ್ಣನ ಬೀಗರ ಮನ್ಯಾಗ ಓದಿದ ಹುಡುಗಿ ಐತಿ ಅನ್ನೋದೂ ನಿಮಗ ಗೊತ್ತೈತಿ. ನಾ ಆ ಮಾತು ಎತ್ತಂಗಿಲ್ಲ. ಮೊದಲ ನೀವು ಒಂದು ದಿನ ಮನ್ಯಾಗ ಯಾರೂ ಇಲ್ಲದಾಗ ಅವಂಗ ಒಂದು ವಾಟಗ ಚಾ ಕೊಟ್ಟು ಎದುರಿಗೆ ಕುಂಡ್ರಿಸ್ಕೋರಿ. ಯಾವ ಹುಡುಗಿ ಬೇಕು ಅಂತ ಕೇಳಬ್ಯಾಡ್ರಿ, ಲಗ್ನ ಯಾಕ ಬ್ಯಾಡ ಅಂತ ಕೇಳ್ರಿ, ಕೇಳಿ ಸುಮ್ಮನ ಇರ್ರಿ. ಅಂವ ಹೇಳಿದ್ರ ಎದಿ ಬಡ್ಕೊಂಡು ಅಳಬ್ಯಾಡ್ರಿ, ಓಣ್ಯಾಗ ಹೇಳಬ್ಯಾಡ್ರಿ, ನಂಗೂ ಹೇಳಬ್ಯಾಡ್ರಿ. ಬ್ಯಾರೆ ಏನರ ಕಾರಣ ಇದ್ರ ಫೋನ್ ಮಾಡ್ರಿ, ಕನ್ಯಾದ ಮಾತು ಆಮ್ಯಾಲ ಆಡೋಣು.