ಏಳರ ಗುರಿ

ಮಕ್ಕಳು ಹೊರದೇಶಕ್ಕೆ ಹೊರಟು ನಿಂತಿರುವ ಮನೆಗಳಲ್ಲಿ ಈಗ ಜಾತಕಕ್ಕಿಂತ ಹೆಚ್ಚಾಗಿ ಕೇಳಿಬರುವುದು 'ಬ್ಯಾಂಡ್' ಎಂಬ ಮಾತು. "ಎಷ್ಟು ಬಂತಂತೆ?" ಎಂದು ನೆರೆಮನೆಯ ಅಜ್ಜಿಯೂ ವಿಚಾರಿಸುತ್ತಾರೆ. 1989ರಲ್ಲಿ ಆರಂಭವಾದ ಐಇಎಲ್‌ಟಿಎಸ್ ಎಂಬ ಈ ಇಂಗ್ಲಿಷ್ ಪರೀಕ್ಷೆಯಲ್ಲಿ ಪಾಸು, ಫೇಲು ಎಂಬುದಿಲ್ಲ. ಸೊನ್ನೆಯಿಂದ ಒಂಬತ್ತರವರೆಗಿನ ಏಣಿಯಲ್ಲಿ ಅಭ್ಯರ್ಥಿ ಯಾವ ಮೆಟ್ಟಿಲ ಮೇಲೆ ನಿಂತಿರುವನೆಂಬುದನ್ನಷ್ಟೇ ಅದು ತಿಳಿಸುತ್ತದೆ. ಆ ಮೇಲೆ ಬಾಗಿಲನ್ನು ತೆರೆಯುವುದೂ ಮುಚ್ಚುವುದೂ ಅಂಕವನ್ನು ಕೇಳಿದವರಿಗೆ ಬಿಟ್ಟದ್ದು.

"ಚೆನ್ನಾಗಿ ಓದಿ ಒಳ್ಳೆಯ ಅಂಕ ತೆಗೆಯಬೇಕು" ಎಂಬುದು ಆಶೆಯೇ ಹೊರತು ಗುರಿಯಲ್ಲ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿರುವ ನರ್ಸ್ ಒಬ್ಬಳು ಇಂಗ್ಲೆಂಡಿಗೆ ಹೋಗಲು ಬಯಸಿದ್ದಾಳೆಂದಿಟ್ಟುಕೊಳ್ಳಿ. ತಂಗಿಯ ಓದು, ಮನೆಯ ಸಾಲ ಎರಡೂ ಆಕೆಯ ಸಂಬಳವನ್ನೇ ನಂಬಿವೆ. ಪರೀಕ್ಷೆಯ ಶುಲ್ಕವೋ ಆ ಸಂಬಳದ ದೊಡ್ಡ ಪಾಲನ್ನು ನುಂಗುವಂಥದು. ಆಕೆ ಮೊದಲು ಮಾಡಬೇಕಾದುದು ಪುಸ್ತಕ ಕೊಳ್ಳುವುದಲ್ಲ. ತನ್ನಿಂದ ಕೇಳುತ್ತಿರುವುದೇನೆಂಬುದನ್ನು ಅಕ್ಷರಶಃ ಬರೆದಿಟ್ಟುಕೊಳ್ಳುವುದು. ಅಲ್ಲಿಯ ನರ್ಸಿಂಗ್ ಆಂಡ್ ಮಿಡ್‌ವೈಫರಿ ಕೌನ್ಸಿಲ್ ಕೇಳುವುದು ಒಟ್ಟು ಏಳನ್ನು ಮಾತ್ರವಲ್ಲ. ಕೇಳುವಿಕೆ, ಓದು, ಮಾತು ಈ ಮೂರರಲ್ಲೂ ಪ್ರತ್ಯೇಕವಾಗಿ ಏಳು, ಬರವಣಿಗೆಯಲ್ಲಿ ಆರೂವರೆ.

ಎಡವುವವರಲ್ಲಿ ಅನೇಕರು ಎಡವುವುದು ಇಲ್ಲಿಯೇ. ಕೇಳುವಿಕೆಯಲ್ಲಿ ಏಳೂವರೆ, ಓದಿನಲ್ಲಿ ಏಳು, ಮಾತಿನಲ್ಲಿ ಏಳು, ಬರವಣಿಗೆಯಲ್ಲಿ ಆರು ಬಂದರೆ ಸರಾಸರಿ 6.875 ಆಗಿ, ಅದು ಏಳೆಂದೇ ಪತ್ರದಲ್ಲಿ ಅಚ್ಚಾಗುತ್ತದೆ. ಮನೆಯವರು ಸಿಹಿ ಹಂಚುತ್ತಾರೆ. ಆದರೆ ಬರವಣಿಗೆಯ ಆ ಅರ್ಧ ಅಂಕದ ಕೊರತೆಯಿಂದ ಕೆಲಸ ನಿಂತುಹೋಗುತ್ತದೆ. ಒಂದು ವರ್ಷದೊಳಗಿನ ಎರಡು ಸಲದ ಅಂಕಗಳನ್ನು ಕೆಲವು ನಿಬಂಧನೆಗಳಿಗೊಳಪಡಿಸಿ ಕೂಡಿಸಿ ನೋಡುವ ಸೌಲಭ್ಯವನ್ನು ಕೌನ್ಸಿಲ್ ಕೊಟ್ಟಿದೆ, ನಿಜ. ಎರಡನೆಯ ಸಲದ ಶುಲ್ಕವನ್ನು ಕೊಡುವವರು ಮಾತ್ರ ಮನೆಯವರೇ.

ಗುರಿ ತಿಳಿದ ಬಳಿಕ ನಿಂತ ನೆಲ ತಿಳಿಯಬೇಕು. ಒಂದು ಭಾನುವಾರ ಬಾಗಿಲು ಮುಚ್ಚಿ, ಗಡಿಯಾರವನ್ನು ಮುಂದಿಟ್ಟುಕೊಂಡು, ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಪೂರ್ತಿಯಾಗಿ ಬರೆಯಬೇಕು. ಕೇಳುವಿಕೆಗೆ ಸುಮಾರು ಅರ್ಧ ಗಂಟೆ, ಓದಿಗೆ ಒಂದು ಗಂಟೆ, ಬರವಣಿಗೆಗೆ ಒಂದು ಗಂಟೆ. ಧ್ವನಿಮುದ್ರಿಕೆಯನ್ನು ಎರಡನೆಯ ಸಲ ಹಾಕಿ ಕೇಳುವುದು ತನಗೆ ತಾನೇ ಮಾಡಿಕೊಳ್ಳುವ ಮೋಸ. ಪರೀಕ್ಷೆಯಲ್ಲಿ ಅದು ಒಂದೇ ಸಲ ನುಡಿಯುತ್ತದೆ. ಕೇಳುವಿಕೆಯ 40 ಪ್ರಶ್ನೆಗಳಲ್ಲಿ ಸುಮಾರು 23 ಸರಿಯಾದರೆ ಆರು, ಸುಮಾರು 30 ಸರಿಯಾದರೆ ಏಳು. ಹೀಗೆ ಎಣಿಸಿದಾಗ 'ಇನ್ನೊಂದು ಬ್ಯಾಂಡ್' ಎಂಬ ಭೂತವು ಇನ್ನು ಏಳು ಸರಿ ಉತ್ತರಗಳೆಂಬ ಸಾಮಾನ್ಯ ಸಂಗತಿಯಾಗಿ ಇಳಿದುಬರುತ್ತದೆ. ತಪ್ಪಿದ ಉತ್ತರಗಳಲ್ಲಿ ಎಷ್ಟು ಕಾಗುಣಿತದ ತಪ್ಪಿನಿಂದ ಹೋದುವು, ಎಷ್ಟು ನಿಜವಾಗಿಯೂ ಕಿವಿಗೆ ಬೀಳಲಿಲ್ಲ ಎಂಬುದನ್ನು ಬೇರ್ಪಡಿಸಿದರೆ ಮುಂದಿನ ತಿಂಗಳ ಕೆಲಸ ತಾನಾಗಿಯೇ ಗೊತ್ತಾಗುತ್ತದೆ.

ಬರವಣಿಗೆಯ ಮಾತು ಬೇರೆ. ಕಡಮೆಯೆಂದರೆ 150 ಪದಗಳದೊಂದು, 250 ಪದಗಳದೊಂದು, ಹೀಗೆ ಎರಡು ಉತ್ತರಗಳು. ಎರಡನೆಯದಕ್ಕೆ ಮೊದಲನೆಯದರ ಎರಡರಷ್ಟು ತೂಕ. ಪ್ರಬಂಧಗಳನ್ನು ಉರು ಹೊಡೆದು ಒಪ್ಪಿಸುವ ನಮ್ಮ ಶಾಲೆಯ ವಿದ್ಯೆ ಇಲ್ಲಿ ನಡೆಯದು. ಬಾಯಿಪಾಠದ ವಾಕ್ಯಗಳನ್ನು ಪರೀಕ್ಷಕರು ಗುರುತಿಸುತ್ತಾರೆ, ಅಂಕವನ್ನೂ ಕಳೆಯುತ್ತಾರೆ. ಕನ್ನಡದಲ್ಲಿ ಇಲ್ಲದ 'ಎ', 'ದಿ' ಎಂಬ ಪುಟ್ಟ ಪದಗಳು ಕನ್ನಡಿಗರನ್ನು ಕಾಡುವಷ್ಟು ದೊಡ್ಡ ಪದಗಳು ಕಾಡುವುದಿಲ್ಲ. ವಾರಕ್ಕೆ ಎರಡು ಪ್ರಬಂಧ ಬರೆದು, ತಿಳಿದವರೊಬ್ಬರಿಂದ ತಿದ್ದಿಸಿಕೊಂಡು, ಅದನ್ನೇ ಮತ್ತೆ ಬರೆಯುವುದು ಹತ್ತು ಹೊಸ ಪ್ರಬಂಧಗಳಿಗಿಂತ ಮೇಲು. ಪರೀಕ್ಷೆ ಈಗ ಹೆಚ್ಚಾಗಿ ಕಂಪ್ಯೂಟರಿನಲ್ಲಿಯೇ ನಡೆಯುವುದರಿಂದ ಬೆರಳಿಗೆ ಕೀಲಿಮಣೆಯ ಅಭ್ಯಾಸವೂ ಬೇಕು. ಇನ್ನು ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಆಂಗ್ಲರ ಉಚ್ಚಾರಣೆಯನ್ನು ಅನುಕರಿಸಬೇಕಾಗಿಲ್ಲ. ಮಾತು ಸ್ಪಷ್ಟವಾಗಿ ತಿಳಿದರೆ ಸಾಕು.

ಇದಕ್ಕೆಲ್ಲ ಎಷ್ಟು ಕಾಲ ಬೇಕು? 'ಮೂವತ್ತು ದಿನಗಳಲ್ಲಿ ಏಳು' ಎಂಬ ಫಲಕಗಳು ಪೇಟೆ ಬೀದಿಯಲ್ಲಿ ಬೇಕಾದಷ್ಟಿವೆ. ಈ ಪರೀಕ್ಷೆಯ ಪಾಲುದಾರರಲ್ಲೊಬ್ಬರಾದ ಕೇಂಬ್ರಿಜ್‌ನವರ ಲೆಕ್ಕದಲ್ಲಿ ಐರೋಪ್ಯ ಭಾಷಾಮಾನದ ಒಂದು ಮಟ್ಟದಿಂದ ಮುಂದಿನದಕ್ಕೆ ಏರಲು ಸುಮಾರು 200 ಗಂಟೆಗಳ ಕಲಿಕೆ ಬೇಕು. ಆರರಿಂದ ಏಳಕ್ಕೆ ಏರುವುದು ಪೂರ್ತಿ ಒಂದು ಮಟ್ಟವಲ್ಲ. ಅರ್ಧವೇ ಸಾಕೆಂದರೂ 100 ಗಂಟೆ. ರಾತ್ರಿ ಪಾಳಿ ಇರುವವಳಿಗೆ ವಾರದಲ್ಲಿ ಐದು ದಿನ, ದಿನಕ್ಕೆ ಒಂದೂವರೆ ಗಂಟೆ ದೊರೆತರೆ ಅದೇ ಹೆಚ್ಚು. ಆ ಲೆಕ್ಕದಲ್ಲಿ 100 ಗಂಟೆಗೆ ಮೂರು ತಿಂಗಳ ಮೇಲಾಗುತ್ತದೆ, 200 ಗಂಟೆಗೆ ಆರು ತಿಂಗಳು. ಪಾಳಿ ಮುಗಿಸಿ ಬಂದ ಬೆಳಗ್ಗೆ ಓದಿಗೆ ಕೂರುವುದು ವ್ಯರ್ಥ; ಮಲಗಿ ಎದ್ದ ಮೇಲಿನ ಒಂದು ಗಂಟೆ ಆ ಮೂರು ಗಂಟೆಗೆ ಸಮ. ಬಸ್ಸಿನಲ್ಲಿ ಕೇಳುವ ಇಂಗ್ಲಿಷ್ ವಾರ್ತೆಯನ್ನು ಲೆಕ್ಕಕ್ಕೆ ಸೇರಿಸದಿರುವುದೇ ಪ್ರಾಮಾಣಿಕತೆ.

ಆದುದರಿಂದ ಮೊದಲು ದಿನಾಂಕ ಗೊತ್ತುಮಾಡಿ ಆಮೇಲೆ ಓದುವ ಬದಲು, ಎರಡು ಸತತ ಅಭ್ಯಾಸ ಪರೀಕ್ಷೆಗಳಲ್ಲಿ ನಾಲ್ಕು ವಿಭಾಗಗಳೂ ಗುರಿ ಮುಟ್ಟಿದ ಮೇಲೆಯೇ ಹಣ ಕಟ್ಟುವುದು ಲೇಸು. ತೀರ ಮುಂಚಿತವಾಗಿ ಬರೆದಿಡುವುದೂ ಜಾಣತನವಲ್ಲ. ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡೇ ವರ್ಷದ ಆಯುಸ್ಸು. ಮನೆಯ ಹಿರಿಯರು ದಿನವೂ "ಎಲ್ಲಿಗೆ ಬಂತು?" ಎಂದು ಕೇಳುವುದನ್ನು ಬಿಟ್ಟು, ಆ ಒಂದೂವರೆ ಗಂಟೆಯ ಮಟ್ಟಿಗೆ ದೂರದರ್ಶನದ ಸದ್ದನ್ನು ತಗ್ಗಿಸಿದರೆ ದೊಡ್ಡ ಉಪಕಾರ. ಭಾರತದಲ್ಲಿ ಪರೀಕ್ಷೆಗೆ ಗುರುತಿನ ದಾಖಲೆಯಾಗಿ ಪಾಸ್‌ಪೋರ್ಟನ್ನೇ ಒಯ್ಯಬೇಕು. ಅದರ ಅವಧಿ ಮುಗಿದಿದೆಯೋ ಏನೋ, ಕಪಾಟು ತೆಗೆದು ಈ ವಾರವೇ ನೋಡಿಬಿಡಬಹುದು.